ಎಲಾಸ್ಟಿಕ್ ಟೋಪಿಯ ಪುಡಿಂಗ್

ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡವರು ಸತ್ಯ ಹೇಳುವುದು ಕಷ್ಟ. ಟೈಲರಮ್ಮ ಪಾಡು ಪಟ್ಟದ್ದೂ ಅದರಿಂದಲೇ. ಇನ್ನೂ ಮೂವತ್ತು ದಾಟದಿದ್ದರೂ ಬೀದಿಗೆಲ್ಲ ಅವಳು ಟೈಲರಮ್ಮನೇ.

ಅವತ್ತು ಎದುರುಸಾಲಿನ ವಾಚ್ ರಿಪೇರಿಯವನು ಪ್ಯಾಂಟಿನ ಹರಿದ ಜೇಬು ಹೊಲಿಸಲು ಬಂದಿದ್ದ. ಸದಾ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂರುವ ಅವನಿಗೆ ಬೀದಿಯವರು ಇಟ್ಟ ಹೆಸರು ಭೂತಗನ್ನಡಿ. ಬಂದವರನ್ನು ಬರಿಬಾಯಲ್ಲಿ ಕಳಿಸಿ ಗೊತ್ತಿಲ್ಲದ, ಟೈಲರಮ್ಮನ ಚಿಕ್ಕಮ್ಮ ಒಳಗಿನಿಂದ ಹಬೆಯಲ್ಲಿ ಬೇಯಿಸಿದ ಪುಡಿಂಗ್ ತಂದು, ಮೇಲೆ ಬೆಣ್ಣೆ-ಸಕ್ಕರೆಯ ಬಿಸಿ ಸಾಸ್ ಸುರಿದು ಕೊಟ್ಟಳು. ಅವನು ಒಂದಲ್ಲ, ಮೂರು ಹೋಳು ತಿಂದ. ಅದೂ ನಿಧಾನವಾಗಿ, ಟೈಲರಮ್ಮನನ್ನೇ ನೋಡುತ್ತ.

"ಆಹಾ! ಯಾರು ಮಾಡಿದ್ದು?"

"ಇನ್ಯಾರು, ಇವಳೇ!" ಅಂದುಬಿಟ್ಟಳು ಚಿಕ್ಕಮ್ಮ.

ಟೈಲರಮ್ಮ ಕಣ್ಣು ಕೆಕ್ಕರಿಸಿದಳು. ಬಾಯಿಯ ಪಿನ್ನುಗಳನ್ನೆಲ್ಲ ಬಟ್ಟೆಗೆ ಚುಚ್ಚಿ ಮುಗಿಸುವಷ್ಟರಲ್ಲಿ ಅವನು ರಸ್ತೆ ದಾಟಿದ್ದ.

ಆಮೇಲಾದರೂ ಹೇಳಬಹುದಿತ್ತು. ಆದರೆ ಅವನ ಬಾಯಿಂದ ಹೊಗಳಿಸಿಕೊಳ್ಳುವ ಸುಖವನ್ನು ಅಷ್ಟು ಬೇಗ ಬಿಡಲು ಅವಳಿಗೆ ಮನಸ್ಸಾಗಲಿಲ್ಲ. ಮಾರನೆಯ ದಿನವೇ ಅವನು ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ.

"ಭಾನುವಾರ ನಮ್ಮಕ್ಕ ಬರ್ತಿದಾಳೆ. ನನ್ನ ಸಾಕಿದ್ದು ಅವಳೇ. ನಿಮ್ಮನ್ನ ನೋಡ್ಬೇಕಂತೆ. ಆ ಪುಡಿಂಗ್ ಮಾಡ್ತೀರಾ?"

ಅಕ್ಕ ಹಾಕಿದ ಗೆರೆಯನ್ನು ಅವನು ದಾಟುವವನಲ್ಲವೆಂದು ಬೀದಿಗೆಲ್ಲ ಗೊತ್ತಿತ್ತು. ಈ ಮನುಷ್ಯ ತನಗೆ ಬೇಕೇ ಬೇಕು ಎಂದು ಟೈಲರಮ್ಮನಿಗೆ ಖಚಿತವಾದ ಗಳಿಗೆಯಲ್ಲೇ, ತನಗೆ ನೀರು ಕಾಯಿಸುವುದು ಬಿಟ್ಟರೆ ಬೇರೇನೂ ಬರುವುದಿಲ್ಲ ಎಂಬುದೂ ನೆನಪಾಯಿತು.

"ಮಾಡ್ತೀನಿ" ಅಂದಳು.

ಭಾನುವಾರದ ಹೊತ್ತಿಗೆ ಚಿಕ್ಕಮ್ಮ ಮಗಳ ಮನೆಗೆ ಹೊರಟುಹೋಗಿದ್ದಳು. ಉಳಿದದ್ದು ಫೋನು.

"ಚಿಕ್ಕಮ್ಮಾ, ಮೈದಾ ಎಷ್ಟು ಹಾಕ್ಲಿ?"

"ಹಿಡಿಯೋಷ್ಟು."

"ಎಷ್ಟು ಹೊತ್ತು ಬೇಯಿಸ್ಲಿ?"

"ಬೇಯೋವರ್ಗೂ. ಬಟ್ಟಲಿಗೆ ಹಾಕಿ, ಮೇಲೆ ಬಟ್ಟೆ ಕಟ್ಟಿ, ಕುದಿಯೋ ನೀರಲ್ಲಿ ಇಡು. ಪಾತ್ರೆ ಮುಚ್ಚಳ ಮಾತ್ರ ತೆಗೀಬೇಡ ಕಣೇ."

ಬೆಣ್ಣೆ, ಸಕ್ಕರೆ, ಮೊಟ್ಟೆ, ಮೈದಾ, ಒಣದ್ರಾಕ್ಷಿಗಳ ಜೊತೆ ಗುದ್ದಾಡಿ ಸುಸ್ತಾಗಿದ್ದ ಟೈಲರಮ್ಮನಿಗೆ ಬಟ್ಟೆ ಎಂದ ಕೂಡಲೇ ಜೀವ ಬಂತು. ಟೇಪು ತೆಗೆದು ಪಿಂಗಾಣಿ ಬಟ್ಟಲಿನ ಸುತ್ತಳತೆ ತೆಗೆದಳು. ಡಬಲ್ ಹೊಲಿಗೆ ಹಾಕಿ, ಎಲಾಸ್ಟಿಕ್ ಸೇರಿಸಿ, ಬಟ್ಟಲಿಗೊಂದು ಟೋಪಿಯನ್ನೇ ಹೊಲಿದುಬಿಟ್ಟಳು. ಹಿಟ್ಟು ಉಬ್ಬಲಿಕ್ಕೆಂದು ಬಟ್ಟೆಯ ನಡುವೆ ಒಂದು ನೆರಿಗೆ ಬಿಟ್ಟು ಸಡಿಲವಾಗಿ ಕಟ್ಟಬೇಕು ಎಂಬುದನ್ನು ಹೇಳಬೇಕೆಂದು ಚಿಕ್ಕಮ್ಮನಿಗೂ ಹೊಳೆದಿರಲಿಲ್ಲ. ಬೆಳೆಯುವ ಮಕ್ಕಳ ಬಟ್ಟೆಗೆ ತಪ್ಪದೆ ಒಳಮಡಿಕೆ ಬಿಡುವ ಟೈಲರಮ್ಮ ಬೆಳೆಯುವ ಪುಡಿಂಗಿಗೆ ಒಂದು ಬೆರಳಷ್ಟು ಜಾಗ ಬಿಡಲಿಲ್ಲ. ಫಿಟಿಂಗ್ ಮಾತ್ರ ಅದ್ಭುತವಾಗಿತ್ತು.

ಪಾತ್ರೆ ಒಲೆಯೇರಿ ಸಾಕಷ್ಟು ಹೊತ್ತಾದ ಮೇಲೆ ಭೂತಗನ್ನಡಿ ಇಸ್ತ್ರಿ ಶರ್ಟಿನಲ್ಲಿ ಹಾಜರಾದ.

"ಅಕ್ಕ ಬರೋದು ಇನ್ನೂ ಲೇಟು. ಸಹಾಯಕ್ಕೆ ಬಂದೆ."

ಸಾಸಿನ ಕೆಲಸ ಅವನಿಗೆ ಬಿತ್ತು. ಹಣೆಯ ಮೇಲಿದ್ದ ಮಸೂರವನ್ನು ಕಣ್ಣಿಗಿಳಿಸಿ, ಕರಗುವ ಸಕ್ಕರೆಯ ಬಣ್ಣವನ್ನು ಪರೀಕ್ಷಿಸಿದ. ಹಾಗೇ ಇವಳ ಕಡೆಗೂ ತಿರುಗಿದ. ಮಸೂರದ ಹಿಂದಿನ ಕಣ್ಣು ತಟ್ಟೆಯಗಲ ಕಾಣುತ್ತಿತ್ತು.

"ಏನ್ ನೋಡ್ತಿದೀರಿ?"

"ನಿಮ್ಮ ಕೆನ್ನೆ ಮೇಲೆ ಮೈದಾ ಇದೆ."

"ಎಲ್ಲಿ?"

"ಒರೆಸ್ಬೇಡಿ. ಚೆನ್ನಾಗಿದೆ."

ಟೈಲರಮ್ಮ ಕೆಂಪಾಗಿ ಬೆಣ್ಣೆಯ ಡಬ್ಬಿಯತ್ತ ತಿರುಗಿದಳು. ಅಷ್ಟು ಸಾಕಾಯಿತು. ಮುಚ್ಚಿದ್ದನ್ನೆಲ್ಲ ಬಿಚ್ಚಿ ನೋಡಿ ಬದುಕುವವನ ಕೈ ಪಾತ್ರೆಯ ಮುಚ್ಚಳಕ್ಕೆ ಹೋಯಿತು.

"ತೆಗೀಬೇಡಿ ರೀ!"

"ಒಳಗೇನು ನಡೀತಿದೆ ಅಂತ ಒಂದ್ಸಲ..."

ಒಳಗೆ ನಡೆಯಬಾರದ್ದೇ ನಡೆಯುತ್ತಿತ್ತು. ಉಬ್ಬಿ ಉಬ್ಬಿ ಉಸಿರು ಕಟ್ಟಿದ ಟೋಪಿ ಟಪ್ಪೆಂದು ಬಟ್ಟಲಿನಿಂದ ಹಾರಿ, ಅವನ ಇಸ್ತ್ರಿ ಶರ್ಟಿನ ಎದೆಗೆ ಬಡಿದು, ಅಲ್ಲೇ ಅಂಟಿಕೊಂಡಿತು. ಅರ್ಧ ಪುಡಿಂಗ್ ನೀರಿಗಿಳಿಯಿತು.

ಟೈಲರಮ್ಮ ಕುಸಿದು ಸ್ಟೂಲಿನ ಮೇಲೆ ಕೂತಳು. ನಗು ಬರಬೇಕಾದ ಕಡೆ ಅಳು ಬಂತು.

"ಅವತ್ತಿಂದು ನಾನು ಮಾಡಿದ್ದಲ್ಲ. ಚಿಕ್ಕಮ್ಮ ಮಾಡಿದ್ದು. ಬಾಯಲ್ಲಿ ಪಿನ್ನಿತ್ತು, ಹೇಳಕ್ಕಾಗ್ಲಿಲ್ಲ. ಆಮೇಲೆ ಹೇಳಕ್ಕೆ ಮನಸ್ಸು ಬರ್ಲಿಲ್ಲ."

ಅವನು ಎದೆಯ ಮೇಲಿನ ಟೋಪಿಯನ್ನು ಮೆಲ್ಲಗೆ ಕಿತ್ತ.

"ನಂಗೆ ಸಿಹಿ ಆಗಲ್ಲ" ಅಂದ.

"ಮತ್ತೆ ಮೂರು ಹೋಳು?"

"ತಿಂದು ಮುಗಿಸಿದ್ರೆ ಎದ್ದು ಹೋಗ್ಬೇಕಿತ್ತಲ್ಲ. ಅಷ್ಟೇ ಅಲ್ಲ, ಆ ಜೇಬೂ ಹರಿದಿರ್ಲಿಲ್ಲ. ನಾನೇ..."

"ಬ್ಲೇಡಲ್ಲಿ ಬಿಚ್ಚಿದ್ದು. ಗೊತ್ತು."

"ಗೊತ್ತಿತ್ತಾ?"

"ಹರಿದಿದ್ಯಾವುದು, ಬಿಚ್ಚಿದ್ದು ಯಾವುದು ಅಂತ ಗೊತ್ತಾಗ್ದಿದ್ರೆ ನಾನೆಂಥ ಟೈಲರು?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವನು ಏನೋ ಹೇಳಲು ಬಾಯಿ ತೆರೆದ. ಕರೆಗಂಟೆ ಸದ್ದು ಮಾಡಿತು.

ಅಕ್ಕ ದಪ್ಪ ಚೌಕಟ್ಟಿನ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ತಮ್ಮನ ಶರ್ಟಿನ ಮೇಲಿನ ಹಿಟ್ಟನ್ನು ನೋಡಿದಳು, ಇವಳ ಕೆನ್ನೆಯ ಮೈದಾ ನೋಡಿದಳು, ಕುರ್ಚಿ ಎಳೆದುಕೊಂಡು ಕೂತಳು. ಬಟ್ಟಲಲ್ಲಿ ಉಳಿದದ್ದನ್ನು ಚಮಚದಲ್ಲಿ ಬಳಿದು ಕಪ್ಪಿಗೆ ಹಾಕಿ, ನಾಚಿಕೆ ಮುಚ್ಚುವಷ್ಟು ಸಾಸ್ ಸುರಿದು ಕೊಟ್ಟರು. ಅಕ್ಕ ಒಂದು ಚಮಚ ತಿಂದು ಬಹಳ ಹೊತ್ತು ಅಗಿದಳು.

"ಇದೇನಾ ಆ ಪುಡಿಂಗ್?"

ತಮ್ಮ ಇವಳನ್ನು ಕಾಪಾಡಲು ಎದ್ದುನಿಂತ. ಟೈಲರಮ್ಮ ಅವನ ತೋಳು ಹಿಡಿದು ಕೂರಿಸಿದಳು. ಈ ಸಲ ಅವಳ ಬಾಯಲ್ಲಿ ಪಿನ್ನಿರಲಿಲ್ಲ.

"ಅಲ್ಲ ಅಕ್ಕಾ. ಅದು ಚಿಕ್ಕಮ್ಮ ಮಾಡಿದ್ದು. ನಂಗೆ ಅಡುಗೆ ಬರಲ್ಲ. ಸುಳ್ಳು ಹೇಳಿದ್ದು ತಪ್ಪು. ಆದ್ರೆ ನಿಮ್ಮ ತಮ್ಮ ನಂಗೆ ಬೇಕು."

ಭೂತಗನ್ನಡಿ ಕೂತಲ್ಲೇ ಕಿವಿತನಕ ಕೆಂಪಾದ. ಅಕ್ಕ ಚಮಚ ಕೆಳಗಿಟ್ಟು ಅವನತ್ತ ತಿರುಗಿದಳು.

"ನೀನೇನಂತೀಯೋ?"

"ನಂಗೂ... ಅಂದ್ರೆ, ನಾನೂ... ಹೌದಕ್ಕಾ."

"ಫೋನ್ ಮಾಡ್ದಾಗೆಲ್ಲ ಇವಳ ಸುದ್ದಿ ಕೊರೆದೂ ಕೊರೆದೂ ನನ್ನ ತಲೆ ತಿಂದಿದ್ದೀಯ, ಇವಳ ಮುಂದೆ ಹೇಳಕ್ಕೆ ಇಷ್ಟೇನಾ ನಿನ್ನ ಹತ್ರ ಇರೋದು?" ಅಕ್ಕ ಮೊದಲ ಸಲ ನಕ್ಕಳು. ಖಾಲಿಯಾಗದ ಕಪ್ಪನ್ನು ಪಕ್ಕಕ್ಕೆ ತಳ್ಳಿ ಟೈಲರಮ್ಮನ ಕೈ ತಟ್ಟಿದಳು. "ತಗೊಳ್ಳಮ್ಮಾ, ಕೊಟ್ಟೆ. ಆದ್ರೆ ಅಳತೆ ಸರಿಯಿಲ್ಲ ಅಂತ ನಾಳೆ ವಾಪಸ್ ತರ್ಬೇಡ."

"ಸರಿಯಿಲ್ದಿದ್ರೆ ಸರಿಮಾಡ್ಕೋತೀನಿ ಅಕ್ಕಾ. ವಾಪಸ್ ಅಂತೂ ಕೊಡಲ್ಲ."

ಅಕ್ಕ ಕೈ ತೊಳೆಯಲು ಒಳಗೆ ಹೋದಾಗ ಅವನು ಮೇಜಿನ ಕೆಳಗಿನಿಂದ ಟೈಲರಮ್ಮನ ಕೈ ಹಿಡಿದುಕೊಂಡ. ಸಾಸಿನಿಂದ ಇಬ್ಬರ ಬೆರಳೂ ಅಂಟಂಟಾಗಿದ್ದವು. ಅಕ್ಕ ಬಂದು ಎದುರಿಗೆ ಕೂತ ಮೇಲೂ ಅವಳು ಕೈ ಬಿಡಿಸಿಕೊಳ್ಳಲಿಲ್ಲ.