ಬಲಗಾಲು ಬಿಟ್ಟಿದೆ

"ಇದು ನಮ್ಮ ತಾಯಿ ಕಾಲಲ್ಲ," ಎಂದರು ಅಜ್ಜಿ.

ಮರಿಯ ಮಾತೆಯ ಮರದ ಪ್ರತಿಮೆಯ ಮುಂದೆ ನಿಂತು ಅವರು ಮತ್ತೊಮ್ಮೆ ಕೈಯಾಡಿಸಿದರು. ಅಜ್ಜಿಗೆ ಕಣ್ಣು ಮಂಜು. ಆದರೆ ಈ ಚರ್ಚಿನೊಳಗೆ ಅವರಿಗೆ ಕಣ್ಣೇ ಬೇಕಿರಲಿಲ್ಲ. ಬಾಗಿಲ ಬಳಿ ಪವಿತ್ರ ನೀರಿನ ಕಲ್ಲುಬಟ್ಟಲು, ಅಲ್ಲಿಂದ ಹನ್ನೊಂದು ಬೆಂಚು, ಆಮೇಲೆ ಎಡಕ್ಕೆ ತಿರುಗಿದರೆ ಮಾತೆಯ ಪುಟ್ಟ ಗುಡಿ. ಎಲ್ಲವೂ ಕೈಗೇ ಗೊತ್ತು. ಈಗ ಆ ಕೈಯೇ ಗೊಂದಲಕ್ಕೆ ಬಿದ್ದಿತ್ತು. ಬೆರಳಿಗೆ ಏನೋ ಅಂಟಂಟು.

ಪಕ್ಕದಲ್ಲಿದ್ದ ಮೊಮ್ಮಗಳು ತಲೆ ತಗ್ಗಿಸಿದಳು. ಒಂದು ಕಡೆ ನಿಲ್ಲದ ಹುಡುಗಿಯೆಂದು ಮನೆಯವರು ಅವಳಿಗೆ ಅಳಿಲು ಎಂದು ಹೆಸರಿಟ್ಟಿದ್ದರು. ಇವತ್ತು ಅಳಿಲಿಗೆ ಕಾಲೇ ಏಳಲಿಲ್ಲ.

ಮರುದಿನ ಭಾನುವಾರ ಚರ್ಚಿಗೆ ನೂರು ವರ್ಷ ತುಂಬುತ್ತಿತ್ತು. ಅಳಿಲಿನ ಅಪ್ಪ ಪೇಂಟರ್. ಒಂದು ತಿಂಗಳಿಂದ ಅಟ್ಟಣೆ ಹತ್ತಿ ಇಳಿದು ಕಮಾನು, ಕಂಬ, ಪೀಠದ ಮರದ ಹೂಬಳ್ಳಿ ಎಲ್ಲಕ್ಕೂ ಬಣ್ಣ ಹೊಡೆದಿದ್ದರು. ಕೊನೆಗೆ ಮಾತೆಯ ಪ್ರತಿಮೆ. ನೀಲಿ ಹೊದಿಕೆ, ಬಿಳಿ ಅಂಗಿ, ಗುಲಾಬಿ ಕೆನ್ನೆ ಎಲ್ಲ ಹೊಸದಾಗಿ ಹೊಳೆಯುತ್ತಿದ್ದವು. ಬೆಳಿಗ್ಗೆ ನೋಡಿದಾಗ ಬಲಗಾಲು ಮಾತ್ರ ಹಳೆಯದೇ. ಬಣ್ಣ ಹೋಗಿ, ಬೆರಳು ಸವೆದು, ಒಳಗಿನ ಮರ ಕಾಣುತ್ತಿತ್ತು.

ಅಪ್ಪ ಮರೆತಿದ್ದಾರೆ ಎಂದುಕೊಂಡಳು ಅಳಿಲು. ನಾಳೆ ಎಲ್ಲರೂ ಬರುತ್ತಾರೆ, ಅವಳ ಕ್ಲಾಸ್ ಟೀಚರ್ ಕೂಡ. ಅಪ್ಪನ ಕೆಲಸವನ್ನು ಯಾರಾದರೂ ಆಡಿಕೊಂಡರೆ? ಮಧ್ಯಾಹ್ನ ಅಪ್ಪ ಊಟಕ್ಕೆ ಹೋದಾಗ ಸಣ್ಣ ಬ್ರಷ್ ಹಿಡಿದು, ನಾಲಿಗೆ ಹೊರಗೆ ಹಾಕಿಕೊಂಡು, ಒಂದೊಂದೇ ಬೆರಳಿಗೆ ಬಣ್ಣ ಹಚ್ಚಿದಳು. ಉಗುರನ್ನೂ ಬರೆದಳು. ಬಹಳ ಚೆನ್ನಾಗಿಯೇ ಬಂದಿತ್ತು. ಅದೇ ಎಡವಟ್ಟಾಗಿದ್ದು.

ಅಜ್ಜಿ ಬೆಂಚಿನ ಮೇಲೆ ಕೂತರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ತಮ್ಮಷ್ಟಕ್ಕೆ ಹಳೆಯದನ್ನೆಲ್ಲ ಹೇಳತೊಡಗಿದರು. ಅವರು ಚಿಕ್ಕವರಿದ್ದಾಗ ಇಲ್ಲಿ ಮಣ್ಣಿನ ನೆಲ, ಬೆಂಚೇ ಇರಲಿಲ್ಲ. ಗಂಟೆಯನ್ನು ಹೊರಗೊಂದು ಮರಕ್ಕೆ ಕಟ್ಟಿದ್ದರು. ಆಗಲೂ ಈ ತಾಯಿ ಇಲ್ಲೇ ನಿಂತಿದ್ದಳು. ಅವರಮ್ಮ ಅವರನ್ನು ಎತ್ತಿ ಈ ಕಾಲು ಮುಟ್ಟಿಸುತ್ತಿದ್ದರು. ಮದುವೆಯ ದಿನ ತಾತನೂ ಅವರೂ ಒಟ್ಟಿಗೆ ಮುಟ್ಟಿದ್ದರು. ಅಳಿಲಿನ ಅಪ್ಪನಿಗೆ ಜ್ಞಾನಸ್ನಾನವಾದ ದಿನ ಪುಟ್ಟ ಮುಷ್ಟಿ ಬಿಡಿಸಿ ಇದೇ ಕಾಲು ಮುಟ್ಟಿಸಿದ್ದರು.

"ನಿನ್ನ ತಾತ ಹೋಗಿ ಆರು ವರ್ಷ ಆಯ್ತು ಮಗಾ. ಅವರ ಕೈ ಹಿಡಿಯೋಕಂತೂ ಆಗಲ್ಲ. ಅವರು ಮುಟ್ಟಿದ್ದನ್ನ ಮುಟ್ಟಿದ್ರೆ ಅಷ್ಟೇ ಒಂದು ಸಮಾಧಾನ."

ಅಳಿಲು ಬಂದು ಪಕ್ಕದಲ್ಲಿ ಕೂತಳು. "ಅಜ್ಜಿ, ಬಣ್ಣ ಹಚ್ಚಿದ್ದು ನಾನೇ. ಅಪ್ಪ ಮರೆತಿದ್ದಾರೆ ಅನ್ಕೊಂಡೆ."

ಅಜ್ಜಿ ಅವಳ ತಲೆಯ ಮೇಲೆ ಕೈಯಿಟ್ಟರು. ಕೂದಲಿಗೂ ಬಣ್ಣ ಅಂಟಿತು.

ಅದೇ ಹೊತ್ತಿಗೆ ಅಪ್ಪ ಬಂದರು. ಕಾಲನ್ನು ನೋಡಿದರು, ಮಗಳನ್ನು ನೋಡಿದರು. ಯಾವಾಗ ಹಚ್ಚಿದ್ದೆಂದು ಕೇಳಿ, ಇನ್ನೂ ಹಸಿಯಿದೆ, ಒರೆಸಿದರೆ ಬಿಟ್ಟು ಬರುತ್ತೆ ಎಂದರು. ಟರ್ಪೆಂಟೈನ್‌ನಲ್ಲಿ ಅದ್ದಿದ ಬಟ್ಟೆಯೊಂದನ್ನು ಅವಳ ಕೈಗೂ ಕೊಟ್ಟರು. ಇಬ್ಬರೂ ಒರೆಸಿದರು. ಉಗುರು ಹೋಯಿತು, ಬೆರಳು ಹೋಯಿತು, ಹಳೆಯ ಮರ ಮೆಲ್ಲಗೆ ಹೊರಗೆ ಬಂತು. ಕಿರುಬೆರಳ ಸಂದಿಯಲ್ಲಿ ಮಾತ್ರ ನೂಲಿನಷ್ಟು ಬಣ್ಣ ಉಳಿಯಿತು. ಬ್ಲೇಡಿನಿಂದ ಕೆರೆದರೆ ಮರಕ್ಕೆ ಗಾಯವಾಗುತ್ತದೆಂದು ಅಪ್ಪ ಅದನ್ನು ಹಾಗೇ ಬಿಟ್ಟರು.

ಆಮೇಲೆ ಅವಳನ್ನು ಪ್ರತಿಮೆಯ ಹಿಂದಕ್ಕೆ ಕರೆದರು. ಅಲ್ಲಿ ಪೀಠದ ಬೆನ್ನಿಗೆ ಪೆನ್ಸಿಲ್‌ನಲ್ಲಿ ಬರೆದ ಮೂರು ಸಾಲುಗಳಿದ್ದವು. ತಾತನೂ ಪೇಂಟರ್. ಮೂರು ಸಲ ಈ ಪ್ರತಿಮೆಗೆ ಬಣ್ಣ ಹಚ್ಚಿದ್ದರು. ಯಾವುದಕ್ಕೆ ಯಾವ ಬಣ್ಣ ಎಂದು ಮುಂದಿನ ಪೇಂಟರ್‌ಗಾಗಿ ಪ್ರತಿ ಸಲ ಬರೆದಿಟ್ಟಿದ್ದರು. ಮೂರು ಸಾಲೂ ಒಂದೇ: ಹೊದಿಕೆ ನೀಲಿ. ಅಂಗಿ ಬಿಳಿ. ಬಲಗಾಲು ಬಿಟ್ಟಿದೆ.

ಅಳಿಲು ಮೂರನ್ನೂ ಓದಿದಳು. ಅಪ್ಪ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದರು.

"ಈ ಸಲದ್ದು ನೀನು ಬರಿ."

ಅವಳು ತನ್ನ ಅತಿ ಒಳ್ಳೆಯ ಅಕ್ಷರದಲ್ಲಿ ನಾಲ್ಕನೆಯ ಸಾಲು ಬರೆದಳು. ಸ್ವಲ್ಪ ಯೋಚಿಸಿ, ಕೆಳಗೆ ಇನ್ನೊಂದು ಸೇರಿಸಿದಳು: ಕಿರುಬೆರಳ ಸಂದಿಯಲ್ಲಿ ಸ್ವಲ್ಪ ಬಣ್ಣ ಇದೆ. ನಾನೇ ಹಚ್ಚಿದ್ದು.

ಭಾನುವಾರ ಪೂಜೆ ಮುಗಿದ ಮೇಲೆ ಮಾತೆಯ ಮುಂದೆ ಉದ್ದದ ಸಾಲು. ಅಜ್ಜಿಯ ಕೈ ಕಾಲನ್ನು ಹುಡುಕಿಕೊಂಡು ಹೋಗಿ ಅಲ್ಲೇ ನಿಂತಿತು. ಹಿಂದಿನವರು ಕಾದರು. ಅಜ್ಜಿಯ ಮುಖ ಹಗುರಾಯಿತು.

ಎಲ್ಲರೂ ಹೆಬ್ಬೆರಳು ಮುಟ್ಟುತ್ತಿದ್ದರು. ಅಳಿಲು ಕಿರುಬೆರಳ ಸಂದಿಗೆ ತನ್ನ ಬೆರಳು ತೂರಿಸಿ ಒಮ್ಮೆ ಉಜ್ಜಿದಳು. ಬಣ್ಣ ಹೋಗಲಿಲ್ಲ. ಅಷ್ಟು ಬೇಗ ಹೋಗುವುದೂ ಇಲ್ಲವೆಂದು ಅವಳಿಗೆ ಗೊತ್ತಿತ್ತು.

ಅವಳು ಹೋಗಿ ಮತ್ತೆ ಸಾಲಿನ ಕೊನೆಯಲ್ಲಿ ನಿಂತಳು.