ಸಾಕು ಅಂದಿದ್ದು ಯಾರಿಗೆ?

"ಕೂತ್ಕೋ!"

ಅವಳ ಬಾಯಿಂದ ಮಾತು ಬೀಳುವಷ್ಟರಲ್ಲಿ, ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಆ ಎತ್ತರದ ಮನುಷ್ಯ ನೆಲದ ಮೇಲೆ ಧಡಕ್ಕನೆ ಕೂತುಬಿಟ್ಟ.

ನಾಯಿಮರಿ ಮಾತ್ರ ಕೂರಲಿಲ್ಲ. ಹೊಲಿಗೆ ಮಿಷನ್ನಿನ ಕೆಳಗಿಂದ ಕತ್ತು ಚಾಚಿ ಹೊಸಬನ ಮೇಲೆ ಬೊಗಳುತ್ತಲೇ ಇತ್ತು.

ಕೊರಳಿಗೆ ಅಳತೆ ಟೇಪು ಹಾಕಿಕೊಂಡಿದ್ದ ಅವಳು ಕಣ್ಣುಕಣ್ಣು ಬಿಟ್ಟಳು. ಬಿಳಿ ಸಮವಸ್ತ್ರ, ಎದೆಯ ಮೇಲೆ ಆಂಬ್ಯುಲೆನ್ಸ್ ಚಾಲಕನ ಬ್ಯಾಡ್ಜು... ಇಷ್ಟು ದೊಡ್ಡ ಆಳು, ಶಾಲೆಯ ಮಗುವಿನ ಹಾಗೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಾನೆ!

"ಅಯ್ಯೋ... ನಿಮಗಲ್ಲ ರೀ! ನಾನು ಹೇಳಿದ್ದು ನಾಯಿಗೆ!"

"ನಾಯಿಗಾ?" ಅವನು ಏಳುವುದೋ ಬೇಡವೋ ಎಂದು ಅನುಮಾನಿಸಿದ. "ನೀವು ಹೇಳಿದ ಜೋರು ನೋಡಿ ನನಗೇ ಇರ್ಬೇಕು ಅನ್ಕೊಂಡೆ."

ಮೂಲೆಯಲ್ಲಿ ಕೂತು ಶರ್ಟಿಗೆ ಗುಂಡಿ ಹಚ್ಚುತ್ತಿದ್ದ ಮುದುಕಿ ತಲೆ ಎತ್ತದೆ ಹೇಳಿದಳು: "ಇರ್ಲಿ ಬಿಡೇ. ಎರಡರಲ್ಲಿ ಒಂದಾದ್ರೂ ನಿನ್ನ ಮಾತು ಕೇಳ್ತಲ್ಲ!"

ಅವನು ನಕ್ಕ. ಅವಳಿಗೆ ನಗು ಬಂದರೂ ತುಟಿ ಕಚ್ಚಿಕೊಂಡಳು. ನಾಯಿ ದತ್ತು ತೆಗೆದುಕೊಳ್ಳಲು ಬಂದವರ ಜೊತೆ ಸಲಿಗೆ ಬೇಡ ಎನ್ನುವುದು ಅವಳ ಕಟ್ಟಳೆ.

ಅವಳು ದರ್ಜಿ. ಬೀದಿಯ ತಿರುವಿನಲ್ಲಿ ಒಂದು ಕೋಣೆಯ ಅಂಗಡಿ, ಅದರ ಹಿಂದೆ ಒಂದು ಕೋಣೆಯ ಮನೆ. ಹೊಲಿಗೆ ಹೊಟ್ಟೆಪಾಡಾದರೆ, ಇನ್ನೊಂದು ಕೆಲಸ ಮನಸ್ಸಿನ ಸಮಾಧಾನಕ್ಕೆ. ಪ್ರಾಣಿಗಳ ಆಶ್ರಯದ ಮೇಡಂ ಬೀದಿಯಲ್ಲಿ ಸಿಕ್ಕ ಮರಿಯೊಂದನ್ನು ತಂದುಬಿಡುತ್ತಾರೆ. ಅವಳು ಅದನ್ನು ಸಾಕಿ, ನಾಲ್ಕು ಮಾತು ಕಲಿಸಿ, ದತ್ತು ಪಡೆಯುವವರ ಕೈಗೆ ಕೊಡಬೇಕು. ಕಡೆಯ ಎಂಟು ವಾರ ಅವರೂ ವಾರಕ್ಕೆರಡು ಸಲ ಬಂದು ಮರಿಯ ಜೊತೆ ಪಾಠ ಕಲಿಯಬೇಕು.

ಹಾಗೆ ಹನ್ನೊಂದು ಮರಿಗಳನ್ನು ಕಳಿಸಿದ್ದಳು. ಇದು ಹನ್ನೆರಡನೆಯದು. ಬಂದ ದಿನವೇ ಮುದುಕಿಯ ಡಬ್ಬಿಯಿಂದ ಕೋಟಿನ ಗುಂಡಿಯೊಂದನ್ನು ನುಂಗಿ ಎಲ್ಲರ ಜೀವ ಬಾಯಿಗೆ ತಂದಿತ್ತು. ನುಂಗಿದ್ದು ಮರುದಿನ ಹೊರಗೆ ಬಿತ್ತು, ಗುಂಡಿ ಎಂಬ ಹೆಸರು ಮಾತ್ರ ಅದಕ್ಕೇ ಉಳಿಯಿತು.

ಆ ಮುದುಕಿ ಅವಳನ್ನು ಹೆತ್ತವಳಲ್ಲ, ಸಾಕಿದ ಅಮ್ಮ. ಅದಕ್ಕೇ ಚಿಕ್ಕಂದಿನಿಂದ 'ಸಾಕಮ್ಮ' ಎಂದೇ ಕರೆಯುತ್ತಿದ್ದಳು. ಸಾಕಮ್ಮನ ಕಣ್ಣು ಈಗ ಮಂಜಾಗಿದೆ. ಬಟ್ಟೆಯನ್ನು ಬೆರಳಿನಲ್ಲೇ ನೋಡುತ್ತಾಳೆ, ಮನುಷ್ಯರನ್ನು ಕಿವಿಯಲ್ಲಿ.

*

"ಕೂತ್ಕೋ, ಇರು, ಬಾ, ಬಿಡು... ಇವು ನಾಲ್ಕು ಬಂತು ನಿಮಗೆ. ಇನ್ನು ಕೊನೇದು. ಸಾಕು."

"ಸಾಕು ಅಂದ್ರೆ ಏನು ಮಾಡ್ಬೇಕು ಟೀಚರ್?" ಎರಡನೇ ವಾರದಿಂದಲೇ ಅವನು ಅವಳನ್ನು ಟೀಚರ್ ಎಂದು ಕರೆಯತೊಡಗಿದ್ದ. ಅವಳಿಗೆ ಅವನು ಡ್ರೈವರ್ ಸಾಹೇಬ.

"ಆಟ ಮುಗೀತು ಅಂತ ಅರ್ಥ. ಬಾಯಲ್ಲಿ ಇರೋದನ್ನ ಬಿಟ್ಟು, ಎದ್ದು ಹೋಗಿ ತನ್ನ ಜಾಗದಲ್ಲಿ ಮಲಗ್ಬೇಕು. ಒಂದೇ ಸಲ ಹೇಳ್ಬೇಕು, ಮೆಲ್ಲಗೆ. ಸಿಟ್ಟಲ್ಲಿ ಮಾತ್ರ ಯಾವತ್ತೂ ಹೇಳ್ಬಾರ್ದು."

"ಹೇಳಿದ್ರೆ?"

ಅವಳ ಕೈಯಲ್ಲಿದ್ದ ಸೂಜಿ ನಿಂತಿತು.

"ನಾನು ಆರು ವರ್ಷದವಳಿದ್ದಾಗ ಕೇಳಿದ್ದೀನಿ ಆ ಮಾತನ್ನ," ಎಂದಳು ನಿಧಾನವಾಗಿ. "ಅಮ್ಮ ಹೋದ ಮೇಲೆ ದೊಡ್ಡಮ್ಮನ ಮನೇಲಿ ಎರಡು ವರ್ಷ ಇದ್ದೆ. ಒಂದಿನ ಬಾಗಿಲ ಹತ್ರ ನನ್ನ ಬಟ್ಟೆ ಚೀಲ ಇತ್ತು. ದೊಡ್ಡಮ್ಮ ಯಾರಿಗೋ ಹೇಳ್ತಿದ್ರು, 'ನನಗೂ ಸಾಕಾಗಿದೆ, ಬೇರೆ ಯಾರಿಗಾದ್ರೂ ಕೊಡಿ' ಅಂತ..."

ಮೂಲೆಯಿಂದ ಸಾಕಮ್ಮ ಕೆಮ್ಮಿದಳು. "ಕೊಟ್ಟಿದ್ದಕ್ಕೇ ತಾನೇ ನನಗೆ ಸಿಕ್ಕಿದ್ದು ನೀನು? ಸೂಜಿ ಓಡಿಸೇ."

ಆ ದಿನದಿಂದ 'ಸಾಕು' ಎನ್ನುವಾಗ ಅವನ ದನಿ ಎಷ್ಟು ಮೆತ್ತಗಾಗುತ್ತಿತ್ತೆಂದರೆ, ಗುಂಡಿ ಕಿವಿ ನೆಟ್ಟಗೆ ಮಾಡಿ ಕೇಳಿಸಿಕೊಳ್ಳಬೇಕಾಗುತ್ತಿತ್ತು.

ಗುಂಡಿಗೆ ಆಂಬ್ಯುಲೆನ್ಸಿನ ಸೈರನ್ ಎಂದರೆ ಪ್ರಾಣಭಯ. ಅದನ್ನು ಬಿಡಿಸಿದವನೂ ಅವನೇ. ಫೋನಿನಲ್ಲಿ ಸೈರನ್ ಸದ್ದು ಹಾಕುವನು... ಮೊದಲು ಕೇಳಿಯೂ ಕೇಳದಷ್ಟು ಮೆಲ್ಲಗೆ. ಸದ್ದಿನ ಬೆನ್ನಿಗೇ ಬೇಯಿಸಿದ ಕೋಳಿಯ ಒಂದು ಚೂರು. ವಾರವಾರಕ್ಕೂ ಸದ್ದು ಒಂದಿಷ್ಟು ಜಾಸ್ತಿ. ಆರನೇ ವಾರಕ್ಕೆ ಬೀದಿಯಲ್ಲಿ ನಿಜವಾದ ಸೈರನ್ ಕೂಗಿದರೂ ಗುಂಡಿ ಹೆದರುವ ಬದಲು ಬಾಲ ಆಡಿಸುತ್ತಾ ಬಾಗಿಲಿಗೆ ಓಡುತ್ತಿತ್ತು.

"ನಿಮ್ಮ ಗಾಡಿ ಹೋದ್ರೆ ಸಾಕು, ಇವನು ಬಾಗಿಲಲ್ಲಿ ಹಾಜರ್!" ಎಂದಳು ಅವಳು.

"ಇವನೊಬ್ಬನೇನಾ?"

"ಒಬ್ಬನೇ ಅಲ್ಲ ಕಣಪ್ಪ!" ಎಂದಳು ಸಾಕಮ್ಮ ಶರ್ಟಿಗೆ ಗುಂಡಿ ಹಚ್ಚುತ್ತಲೇ. ಸಾಕುಮಗಳ ಕೆನ್ನೆ ಬೆಚ್ಚಗಾಯಿತು. ಸಾಕಮ್ಮನ ಬಾಯಿಗೆ ಬೀಗ ಹಾಕುವವರು ಯಾರು!

ಒಂದು ಸಂಜೆ ಗುಂಡಿ ಅವನ ತೊಡೆಯ ಮೇಲೆ ನಿದ್ದೆ ಹೋಗಿದ್ದಾಗ ಅವನಾಗಿಯೇ ಹೇಳಿದ. "ನನ್ನ ಹೆಂಡತಿ ತೀರಿಕೊಂಡು ಮೂರು ವರ್ಷ ಆಯ್ತು. ಅವತ್ತು ನಾನು ಬೇರೆ ಯಾರನ್ನೋ ಆಸ್ಪತ್ರೆಗೆ ಸೇರಿಸ್ತಾ ಇದ್ದೆ. ಅವರು ಉಳಿದ್ರು... ನಾನು ಮನೆಗೆ ಬರೋವಷ್ಟರಲ್ಲಿ ಇವಳು ಇರಲಿಲ್ಲ."

ಅವಳು ಮಿಷನ್ ನಿಲ್ಲಿಸಿದಳು.

"ನನಗೆ ದೊಡ್ಡ ಆಸೆ ಏನಿಲ್ಲ ಟೀಚರ್. ಕೆಲಸ ಮುಗಿಸಿ ಬಾಗಿಲು ತೆಗೆದಾಗ ಒಳಗಿಂದ ಯಾರಾದ್ರೂ ಎದ್ದು ಬರ್ಬೇಕು. ಅಷ್ಟೇ."

*ನಾನು ಬರ್ತೀನಿ...* ಎಂದಿತು ಅವಳ ಮನಸ್ಸು. ತನ್ನ ಮನಸ್ಸಿಗೇ ಬೆಚ್ಚಿ, ಅವಳು ಸುಮ್ಮನೆ ಮಿಷನ್ ತುಳಿದಳು.

*

ಕೊನೆಯ ಪಾಠದ ದಿನ ಬಂತು. ಭಾನುವಾರ ಅವನು ಗುಂಡಿಯನ್ನು ಕರೆದುಕೊಂಡು ಹೋಗುವುದಿತ್ತು.

ಪಾಠದ ಪುಸ್ತಕದಲ್ಲಿ ಪ್ರತಿ ಸಲವೂ ಅವನು ಬರೆಯಬೇಕಿತ್ತು: ಏನು ಕಲಿತಾಯಿತು, ಎಲ್ಲಿ ತಪ್ಪಿತು. ಪುಟದ ಕೊನೆಗೆ ಅವಳೇ ಗೆರೆ ಎಳೆದು ಬರೆದಿಟ್ಟ ಪ್ರಶ್ನೆ: 'ಇನ್ನೇನು ಬೇಕು?' ಅವತ್ತು ಅವನು ಆ ಪ್ರಶ್ನೆಯ ಮುಂದೆ ತುಂಬಾ ಹೊತ್ತು ಕೂತಿದ್ದು, ಏನೋ ಬರೆದು, ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟ.

"ಟೀಚರ್... ಒಂದು ಮಾತು. ಭಾನುವಾರ ಆದ್ಮೇಲೆ ನಾನು ಇಲ್ಲಿಗೆ ಬರೋಕೆ ಕಾರಣ ಇರಲ್ಲ. ಆದ್ರೆ ನನಗೆ... ಈ ಎಂಟು ವಾರದಲ್ಲಿ..."

ಅವಳು ಪುಸ್ತಕವನ್ನು ಎದೆಗೊತ್ತಿಕೊಂಡಳು. *ಹೇಳಿ... ಹೇಳಿಬಿಡಿ!*

ಅಷ್ಟರಲ್ಲಿ ಅವನ ಬೆನ್ನ ಹಿಂದೆ, ಗುಂಡಿ ಯಾರದೋ ರೇಷ್ಮೆ ರವಿಕೆಯ ತೋಳನ್ನು ಸದ್ದಿಲ್ಲದೆ ಮೇಜಿನಿಂದ ಎಳೆದುಕೊಳ್ಳುತ್ತಿತ್ತು. ಹಲ್ಲು ತಾಕಿದರೆ ಮುಗಿಯಿತು!

"ಸಾಕು," ಎಂದಳು ಅವಳು. ಒಂದೇ ಸಲ. ಮೆಲ್ಲಗೆ.

ಗುಂಡಿ ತೋಳು ಬಿಟ್ಟು, ಹೋಗಿ ತುಂಡು ಬಟ್ಟೆಗಳ ತನ್ನ ಪುಟ್ಟ ಹಾಸಿಗೆಯ ಮೇಲೆ ಮಲಗಿತು. ಅವಳು ಓಡಿಹೋಗಿ ರೇಷ್ಮೆ ಎತ್ತಿಕೊಂಡು ತಿರುಗಿದಾಗ ಅವನು ತಲೆ ತಗ್ಗಿಸಿಕೊಂಡು ಎದ್ದು ನಿಂತಿದ್ದ. ಮುಖ ಬಿಳುಚಿಕೊಂಡಿತ್ತು.

"ಸರಿ. ಬರ್ತೀನಿ," ಎಂದವನೇ ಹೊರಟುಹೋದ.

ಏನಾಯಿತು? ಅರ್ಧ ಮಾತಿಗೇ ಯಾಕೆ ಎದ್ದು ಹೋದರು? ಅವಳು ಪುಸ್ತಕ ತೆರೆದಳು.

ಇನ್ನೇನು ಬೇಕು?

'ಇನ್ನೇನೂ ಬೇಡ. ಇಷ್ಟೇ ಸಾಕು.'

ಇನ್ನೇನೂ ಬೇಡವಂತೆ... ಇಲ್ಲಿಗೆ ಸಾಕಂತೆ! ಅದನ್ನೇ ಬಾಯಲ್ಲಿ ಹೇಳಲಾಗದೆ ತೊದಲಿ ಹೋದರೇ?

ಶನಿವಾರ ಬೆಳಿಗ್ಗೆ ಆಶ್ರಯದ ಮೇಡಂ ಫೋನ್ ಮಾಡಿದರು. "ಡ್ರೈವರ್ ನಾಯಿ ಬೇಡ ಅಂದ್ಬಿಟ್ರು ಕಣ್ರೀ. ಕಾರಣ ಕೇಳಿದ್ರೆ ಹೇಳ್ತಿಲ್ಲ. ನಿಮ್ಮ ಹತ್ರಾನೇ ಇರ್ಲಿ ಅಂದ್ರು. ನೀವೇ ಇಟ್ಕೊಳ್ತೀರಾ?"

ಬಾಗಿಲ ಬಳಿ ಬಟ್ಟೆ ಚೀಲ ಕಂಡಂತಾಯಿತು ಅವಳಿಗೆ. ಬೇಡವಾದದ್ದನ್ನು ನನ್ನ ಕೈಗೆ ಹಾಕಿ ಹೋದರೇ?

"ಬೇಡ ಮೇಡಂ. ನನಗೂ ಸಾಕಾಗಿದೆ, ಬೇರೆ ಯಾರಿಗಾದ್ರೂ ಕೊಡಿ."

ಫೋನ್ ಕೆಳಗಿಟ್ಟ ಮೇಲೆ ತಾನು ಆಡಿದ್ದು ಯಾರ ಮಾತು ಎಂದು ಹೊಳೆಯಿತು. ಅಕ್ಷರ ಅಕ್ಷರವೂ ದೊಡ್ಡಮ್ಮನದೇ. ಮತ್ತೆ ಫೋನ್ ಮಾಡಬಹುದಿತ್ತು. ಸಿಟ್ಟು ಬಿಡಲಿಲ್ಲ. ಆ ಸಿಟ್ಟಿನಲ್ಲೇ ಒಂದು ದಿನ ಕಳೆದುಹೋಯಿತು.

*

ಪಟ್ಟಿಯಲ್ಲಿ ಮುಂದಿದ್ದವರು ಬೇಕರಿ ನಡೆಸುವ ಗಂಡ ಹೆಂಡತಿ. ಭಾನುವಾರ ಮಧ್ಯಾಹ್ನ ಕಾರು ತಂದರು. ಒಳ್ಳೆಯ ಜನ. ಗುಂಡಿಯ ಹಾಸಿಗೆಯನ್ನು ಅವಳೇ ಹಿಂದಿನ ಸೀಟಿನಲ್ಲಿ ಹಾಸಿದಳು.

ಗುಂಡಿ ಕಾರು ಹತ್ತಲಿಲ್ಲ. ಬೇಕರಿಯಮ್ಮ ಕರೆದರು, ಅವರ ಗಂಡ ಬಿಸ್ಕತ್ತು ತೋರಿಸಿದರು. ಅದು ನಾಲ್ಕು ಕಾಲೂ ಊರಿ ಬೀದಿಯ ಕಡೆಗೇ ನೋಡುತ್ತಿತ್ತು. ಬಿಳಿ ಸಮವಸ್ತ್ರದ ಒಬ್ಬರು ಬರಬೇಕಿತ್ತಲ್ಲ... ಇವತ್ತು ಯಾಕೆ ಬಂದಿಲ್ಲ?

ಅವಳು ಕೂತು ಅದರ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ದನಿ ಮೆತ್ತಗೇ ಬಂತು.

"ಸಾಕು."

ಗುಂಡಿ ಅವಳನ್ನೊಮ್ಮೆ ನೋಡಿತು. ಕಲಿಸಿದ ಪಾಠ ಮರೆಯದ ಮರಿ, ಕಾರಿನೊಳಗೆ ಹಾರಿ ತನ್ನ ಹಾಸಿಗೆಯ ಮೇಲೆ ಹೋಗಿ ಮಲಗಿತು. ಬಾಗಿಲು ಮುಚ್ಚಿತು.

ಕಾರು ತಿರುವು ದಾಟುವವರೆಗೂ ನಿಂತಿದ್ದವಳು ಒಳಗೆ ಬಂದು, ಮಿಷನ್ನಿನ ಕೆಳಗೆ ಖಾಲಿಯಾದ ಜಾಗ ನೋಡಿ ಬಿಕ್ಕಿಬಿಕ್ಕಿ ಅತ್ತಳು. ಹನ್ನೊಂದು ಸಲ ಅಳದವಳು!

ಹತ್ತು ದಿನ ಕಳೆಯಿತು. ಬೀದಿಯಲ್ಲಿ ಸೈರನ್ ಕೂಗಿದಾಗೆಲ್ಲ ಅವಳು ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಯಾವ ಗಾಡಿಯೂ ನಿಲ್ಲುತ್ತಿರಲಿಲ್ಲ.

"ಗುಂಡಿಗೆ ಕಲಿಸಿದ್ದು ನಿನಗೂ ಬಂತಲ್ಲೇ," ಎಂದಳು ಸಾಕಮ್ಮ ಒಂದು ಬೆಳಿಗ್ಗೆ.

"ಸುಮ್ನಿರು ಸಾಕಮ್ಮ. ಬೇಡ ಅಂತ ಹೋದವರ ವಿಷಯ ಎತ್ಬೇಡ."

"ಅವನೆಲ್ಲಿ ಬೇಡ ಅಂದ? ಅವನು ಏನೋ ಹೇಳ್ತಿದ್ದ, ನೀನು ಸಾಕು ಅಂದೆ. ಪಾಪ, ಬಾಯಿ ಮುಚ್ಕೊಂಡು ಹೋದ."

ಅವಳು ತಿರುಗಿದಳು. "ನಾನು ಹೇಳಿದ್ದು ಗುಂಡಿಗೆ!"

"ಹೌದೇನೇ?" ಸಾಕಮ್ಮನ ಕೈಯಲ್ಲಿದ್ದ ದಾರ ನಿಂತಿತು. "ನನಗೆ ಕಣ್ಣು ಕಾಣ್ಸಲ್ಲ. ಅವನಿಗೇ ಹೇಳಿದೆ ಅನ್ಕೊಂಡೆ ನಾನು. ಅವನೂ ಹಾಗೇ ಅನ್ಕೊಂಡಿರ್ತಾನೆ."

ನಾಯಿಗಾದರೆ 'ಕೂತ್ಕೋ', ಮನುಷ್ಯನಿಗಾದರೆ 'ಕೂತ್ಕೊಳ್ಳಿ'. ಆದರೆ 'ಸಾಕು' ಎನ್ನುವುದಕ್ಕೆ ಮರ್ಯಾದೆಯ ಬಾಲವಿಲ್ಲ. ಯಾರಿಗೆ ಹೇಳಿದರೂ ಅದು ಒಂದೇ. ಅವನ ಬೆನ್ನ ಹಿಂದೆ ಇದ್ದ ನಾಯಿಯನ್ನು ಅವನು ನೋಡಿರಲೇ ಇಲ್ಲ!

ಅವಳು ಪುಸ್ತಕ ಎತ್ತಿಕೊಂಡು, ಕೊರಳಿನ ಅಳತೆ ಟೇಪನ್ನೂ ತೆಗೆಯದೆ ಬೀದಿಗಿಳಿದಳು.

*

ಆಸ್ಪತ್ರೆಯ ಹಿಂಭಾಗದಲ್ಲಿ ಅವನು ಗಾಡಿ ತೊಳೆಯುತ್ತಿದ್ದ. ಅವಳನ್ನು ಕಂಡು ಕೈಯಲ್ಲಿದ್ದ ಪೈಪು ಕೆಳಗೆ ಬಿತ್ತು.

"ಟೀಚರ್! ಏನಾಯ್ತು? ಗುಂಡಿ ಹುಷಾರಾಗಿದಾನಾ?"

ಅವಳು ಕೊರಳಿನ ಟೇಪನ್ನು ಬಿಗಿಯಾಗಿ ಹಿಡಿದುಕೊಂಡಳು.

"ಗುಂಡಿ ಇಲ್ಲ... ಬೇರೆಯವರಿಗೆ ಕೊಟ್ಬಿಟ್ಟೆ."

"ಕೊಟ್ರಾ?" ಅವನ ದನಿ ಒಡೆಯಿತು. "ನಿಮ್ಮ ಹತ್ರಾನೇ ಉಳೀಲಿ ಅಂತ ತಾನೇ ನಾನು ಬೇಡ ಅಂದಿದ್ದು! ನಾನಂತೂ ಬೇಡ ನಿಮಗೆ... ಅವನಾದ್ರೂ ಇರ್ಲಿ ಅಂತ..."

"ನೀವು ಬೇಡ ಅಂತ ಯಾರು ಹೇಳಿದ್ರು?"

"ನೀವೇ! ಸಾಕು ಅಂದ್ರಿ. ಸಾಕು ಅಂದ್ರೆ ಎದ್ದು ಹೋಗ್ಬೇಕು ಅಂತ ನೀವೇ ಅಲ್ವಾ ಕಲಿಸಿದ್ದು?"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಮೊದಲ ದಿನ ಕೂತ್ಕೋ ಅಂದಾಗ ಕೂತ್ರಲ್ಲ... ಅವತ್ತೂ ಹಾಗೇ ಮಾಡಿದ್ರಿ. ನಾನು ಹೇಳಿದ್ದು ನಾಯಿಗೆ ರೀ! ನಿಮ್ಮ ಹಿಂದೆ ರೇಷ್ಮೆ ಎಳೀತಿದ್ದ ಅವನು!"

ಅವಳು ಪುಸ್ತಕ ತೆರೆದು ಮುಂದೆ ಹಿಡಿದಳು.

"ಇದನ್ನ ಗಟ್ಟಿಯಾಗಿ ಓದಿ. ನಾನು ಓದ್ಕೊಂಡ ಹಾಗಲ್ಲ... ನೀವು ಬರೆದ ಹಾಗೆ ಓದಿ."

ಅವನು ಓದಿದ. ತಡೆತಡೆದು, ಗುಂಡಿಗೆ ಹೇಳುತ್ತಿದ್ದಷ್ಟೇ ಮೆತ್ತಗೆ. "ಇನ್ನೇನೂ ಬೇಡ... ಇಷ್ಟೇ ಸಾಕು." ಆಮೇಲೆ ಅವಳ ಮುಖ ನೋಡಿ ಹೇಳಿದ. "ನೀವು, ಗುಂಡಿ, ಸಾಕಮ್ಮ, ಆ ಮಿಷನ್ ಸದ್ದು... ಜೀವನಕ್ಕೆ ಇಷ್ಟು ಸಾಕು ಅಂತ ಬರೆದಿದ್ದೆ."

ಅವಳು ಆಂಬ್ಯುಲೆನ್ಸಿನ ಹಿಂದಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ಅವನೂ ಪಕ್ಕದಲ್ಲಿ ಕೂತ. ಪೈಪಿನ ನೀರು ಸುಮ್ಮನೆ ಹರಿಯುತ್ತಿತ್ತು.

"ಅವರನ್ನ ಕೇಳೋಣ ಟೀಚರ್. ವಾಪಸ್ ಕೊಡ್ತಾರೇನೋ..."

ಅವಳು ತಲೆಯಾಡಿಸಿದಳು. "ಬೇಡ. ಈಗ ಆ ಮನೆ ವಾಸನೆ ಹಿಡಿದಿರುತ್ತೆ ಅವನಿಗೆ. ನಮ್ಮ ತಪ್ಪಿಗೆ ಅವನನ್ನ ಮತ್ತೆ ಎತ್ತಿ ಇನ್ನೊಂದು ಕಡೆ ಹಾಕೋದು ಬೇಡ. ಎರಡು ಸಲ ಮನೆ ಬಿಡೋದು ಹೇಗಿರುತ್ತೆ ಅಂತ... ನನಗೆ ಗೊತ್ತು."

ಅವನು ಒತ್ತಾಯಿಸಲಿಲ್ಲ. ಅವನ ಕಣ್ಣೂ ತುಂಬಿತ್ತು. ಇಬ್ಬರೂ ಅಲ್ಲೇ ಕೂತು, ಇನ್ನೆಂದೂ ತಮ್ಮ ಬಾಗಿಲಿಗೆ ಓಡಿಬರದ ಆ ಮರಿಗಾಗಿ ಅತ್ತರು.

ಕೊನೆಗೆ ಕಣ್ಣೊರೆಸಿಕೊಂಡು ಅವನು ಕೇಳಿದ.

"ಇಷ್ಟು ಅಂತ ಬರೆದಿದ್ದೆ. ಅದರಲ್ಲಿ ಒಂದು ಕಳ್ಕೊಂಡ್ವಿ. ಇನ್ನು ನಾನೊಬ್ಬ ಸಾಕಾಗ್ತೀನಾ ನಿಮಗೆ?"

ಅವಳು ಅವನ ಒದ್ದೆ ಕೈ ಹಿಡಿದುಕೊಂಡಳು.

"ಸಾಕು," ಎಂದಳು. ಒಂದೇ ಸಲ. ಮೆಲ್ಲಗೆ.

ಈ ಸಲ ಆ ಮಾತಿಗೆ ಯಾರೂ ಎದ್ದು ಹೋಗಲಿಲ್ಲ.