ನಿಧಾನದ ದಿನದ ಮಾತು

“ಚೈನ್ ಸವೆದು ಹೋಗಿದೆ,” ಎಂದ ಸೈಕಲ್ ಮೆಕ್ಯಾನಿಕ್, ಅವಳ ಮುಖ ನೋಡದೆ.

ಏಳು ತಿಂಗಳ ಮೇಲೆ ಎದುರಾದವನ ಮೊದಲ ಮಾತು ಇದು! ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಅವಳಿಗೆ ಎದೆಯೊಳಗೆ ಏನೋ ಚುಚ್ಚಿತು. ಊರಲ್ಲಿ ಬೇರೆ ರಿಪೇರಿ ಅಂಗಡಿ ಇರಲಿಲ್ಲವೇ? ಇದ್ದವು. ಕಾಲು ಇಲ್ಲಿಗೇ ಎಳೆದು ತಂದಿತ್ತು.

“ನಾನೂ ಸವೆದು ಹೋಗಿದೀನಿ. ರೇಸಲ್ಲಿ ಅರ್ಧ ದಾರೀಲೇ ಕೂತ್ಬಿಟ್ಟೆ.”

“ಗೊತ್ತು.”

ಗೊತ್ತಂತೆ... ಗೊತ್ತಿದ್ದೂ ಒಂದು ಫೋನ್ ಇಲ್ಲ.

ಅವಳು ತನಗೆ ತಾನೇ ಕೋಚ್. ಅವಳ ನೋಟ್‌ಬುಕ್ಕಿನಲ್ಲಿ ವಾರಕ್ಕೆ ಎರಡು ದಿನ ಕಷ್ಟದ ಸವಾರಿ, ಮೂರು ದಿನ ನಿಧಾನದ್ದು, ಉಳಿದದ್ದು ವಿಶ್ರಾಂತಿ. ನಿಧಾನದ ದಿನಗಳಲ್ಲಿ ಅವನೂ ಪಕ್ಕದಲ್ಲಿ ಸೈಕಲ್ ತುಳಿಯುತ್ತ ಅವಳನ್ನು ಮಾತಾಡಿಸುತ್ತಿದ್ದ. ಅಕ್ಕನ ಜೊತೆಗಿನ ಜಗಳ, ಅಂಗಡಿಗೆ ಬರುವ ಕೆಮ್ಮಿನ ಅಜ್ಜ, ಯಾವುದನ್ನೂ ಬಿಡದೆ ಕೇಳುತ್ತಿದ್ದ. ಅವಳು ಅದನ್ನು ಪ್ರೀತಿ ಎಂದುಕೊಂಡಳು.

ಒಂದು ಸಂಜೆ ಇದೇ ಬಾಗಿಲಲ್ಲಿ, ಅವನು ಗಿರಾಕಿಯೊಬ್ಬನಿಗೆ ಹೇಳುತ್ತಿದ್ದುದು ಅವಳ ಕಿವಿಗೆ ಬಿತ್ತು. “ನಿಧಾನದ ದಿನ ಮಾತಾಡಿಸ್ತಾ ಇರಬೇಕು. ಏದುಸಿರಿಲ್ದೆ ಮಾತು ಬಂದ್ರೆ ವೇಗ ಸರಿಯಿದೆ ಅಂತ. ಅವಳಿಗೂ ನಾನು ಹಾಗೇ ಮಾಡೋದು.”

ಅಷ್ಟೇನಾ! ನನ್ನ ಮನಸ್ಸಲ್ಲ, ಬರೀ ಉಸಿರು ನೋಡ್ತಿದ್ನಾ?

ಅವತ್ತಿನಿಂದ ಒಬ್ಬಳೇ ತುಳಿದಳು. ಮಾತಾಡಿಸುವವರಿಲ್ಲದೆ ನಿಧಾನದ ದಿನವೂ ಕಷ್ಟದ ದಿನವೇ ಆಯಿತು. ವಿಶ್ರಾಂತಿಯನ್ನೂ ಹೊಡೆದು ಹಾಕಿದಳು. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ದಣಿದ ಮೈಗೆ ವರ್ಷವಿಡೀ ಕಾದಿದ್ದ ರೇಸು ಕೈತಪ್ಪಿತು.

ಈಗ ಅದನ್ನೆಲ್ಲ ಒಂದೇ ಉಸಿರಿನಲ್ಲಿ ಅವನ ಮುಂದೆ ಸುರಿದಳು.

ಅವನು ಸ್ಪ್ಯಾನರ್ ಕೆಳಗಿಟ್ಟ. “ಉಸಿರು ನೋಡೋಕೆ ಹತ್ತು ನಿಮಿಷ ಸಾಕು ಕಣೇ. ನಾವು ಎರಡೆರಡು ಗಂಟೆ ಮಾತಾಡ್ತಿದ್ವಿ.”

ಅವಳು ಒಂದು ಹೆಜ್ಜೆ ಮುಂದೆ ಬಂದಳು. “ಯಾಕೆ ಹೋದೆ ಅಂತ ಬಂದು ಕೇಳೋಕೆ ಏನಾಗಿತ್ತು ನಿಂಗೆ?”

“ಜಂಬ... ಬೇಕಿದ್ರೆ ಅವಳೇ ಬರ್ಲಿ ಅಂತ ಕೂತೆ. ತಪ್ಪಾಯ್ತು. ನೀನಂದ್ರೆ ನಂಗೆ ಪ್ರಾಣ.”

ಈ ಮಾತಿಗಾಗಿ ಅವಳು ಎಷ್ಟು ಕಾದಿದ್ದಳೋ! ಈಗ ಕೇಳಿದರೆ ಸಿಹಿಗಿಂತ ಕಹಿಯೇ ಹೆಚ್ಚಿತ್ತು. ಇಬ್ಬರ ಹಟಕ್ಕೆ ಹಾಳಾದ ವರ್ಷವನ್ನು ಯಾರು ತಂದುಕೊಡುತ್ತಾರೆ?

ಅವನು ಹೊಸ ಚೈನ್ ಹಾಕಿದ. “ನಾಳೆ ಬೆಳಿಗ್ಗೆ ನಿಧಾನದ ಸವಾರಿ. ಬರ್ತೀಯಾ?”

“ಬರ್ತೀನಿ. ಆದ್ರೆ ಸಿಟ್ಟು ಇಳಿದಿಲ್ಲ. ಒಂದು ಮಾತೂ ಆಡಲ್ಲ.”

“ಮತ್ತೆ ವೇಗ ಸರಿಯಿದೆಯಾ ಅಂತ ಹೇಗೆ ಗೊತ್ತಾಗೋದು?”

“ನೀನು ಮಾತಾಡು. ಏಳು ತಿಂಗಳು ಸುಮ್ಮನಿದ್ದೆಯಲ್ಲ... ಈಗ ನಿನ್ನ ಉಸಿರು ನಾನು ನೋಡ್ತೀನಿ.”